ಬೆಟ್ಟಕ್ಕೆ ಮೊದಲು ಅರಳಿಕಟ್ಟೆ

ಚಳಿಗಾಲದ ಭಾನುವಾರ ಮಧ್ಯಾಹ್ನ ಮಧುಗಿರಿಯ ಯಾವುದಾದರೂ ಹೋಟೆಲಿನಲ್ಲಿ ಕೂತು ನೋಡಿ. ಬೆಳಗ್ಗೆ ಬೆಟ್ಟ ಹತ್ತಿ ಇಳಿದವರು ಬೆವರು ಒರೆಸಿಕೊಳ್ಳುತ್ತಾ ಊಟಕ್ಕೆ ಕೂತಿರುತ್ತಾರೆ. ಊಟ ಮುಗಿಯುವ ಹೊತ್ತಿಗೆ ಒಬ್ಬರಾದರೂ ಮಾಣಿಯನ್ನು ಕೇಳುತ್ತಾರೆ: ‘ಇಲ್ಲಿ ಸುತ್ತಮುತ್ತ ಇನ್ನೇನಿದೆ ನೋಡೋಕೆ?’ ಆತ ಮಿಡಿಗೇಶಿ ಅನ್ನುತ್ತಾನೆ, ಚನ್ನರಾಯನದುರ್ಗ ಅನ್ನುತ್ತಾನೆ. ಇವರು ಹೊರಡುತ್ತಾರೆ. ಕಾರು ಊರೊಳಗೆ ನುಗ್ಗಿ, ಒಕ್ಕಣೆ ಹರಡಿದ ರಸ್ತೆಯ ಮೇಲೆ ಹಾದು, ಬೆಟ್ಟದ ಬುಡದಲ್ಲಿ ನಿಲ್ಲುತ್ತದೆ. ಹತ್ತಿದರು, ಫೋಟೊ ತೆಗೆದರು, ಇಳಿದರು, ಹೋದರು. ಮುನ್ನೂರು ನಾನೂರು ವರ್ಷದ ಊರು ಅವರ ಪಾಲಿಗೆ ಗಾಡಿ ನಿಲ್ಲಿಸುವ ಜಾಗ.

ಇದನ್ನು ಬರೆಯಲು ಇನ್ನೊಂದು ಕಾರಣವೂ ಇದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಡಿಸೆಂಬರ್ ಬಂತೆಂದರೆ ಇಲ್ಲಿನ ಮೇಷ್ಟ್ರುಗಳು ಮಕ್ಕಳನ್ನು ಬಸ್ಸಿಗೆ ತುಂಬಿ ಬೇಲೂರು, ಹಳೇಬೀಡಿಗೆ ಹೊರಡುತ್ತಾರೆ. ಹೋಗಲಿ, ಬೇಡ ಅನ್ನುವುದಿಲ್ಲ. ಆದರೆ ಒಂದು ದಿನದ ಪ್ರವಾಸಕ್ಕೆ ನಮ್ಮ ಊರುಗಳೇ ಸಾಕು. ನೋಡುವ ಕ್ರಮ ಗೊತ್ತಿರಬೇಕು ಅಷ್ಟೆ.

ಹಿನ್ನೆಲೆ, ಚುಟುಕಾಗಿ

ಮಧುಗಿರಿಯ ಹಳೆಯ ಹೆಸರು ಮದ್ದಗಿರಿ. ಕೋಟೆ ಕಟ್ಟಿದ್ದು ಇಲ್ಲಿನ ಪಾಳೆಯಗಾರರು. 1678ರಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರು ಮುತ್ತಿಗೆ ಹಾಕಿ ಗೆದ್ದರು. ಮಿಡಿಗೇಶಿ, ಚನ್ನರಾಯನದುರ್ಗಗಳೂ ಅದರೊಂದಿಗೆ ಹೋದವು. ಹೈದರಾಲಿ ಕೋಟೆಯನ್ನು ಬಲಪಡಿಸಿದ. 1763ರಲ್ಲಿ ಬಿದನೂರು ಗೆದ್ದಾಗ ಅಲ್ಲಿನ ರಾಣಿ ವೀರಮ್ಮಾಜಿಯನ್ನು ತಂದು ಸೆರೆಯಿಟ್ಟಿದ್ದು ಈ ಬೆಟ್ಟದ ಮೇಲೆಯೇ. ಪಾವಗಡ ಸೀಮೆಯದು ಇದಕ್ಕಿಂತ ಹಳೆಯ ಕಥೆ. ನಿಡಗಲ್ಲು ಹನ್ನೆರಡು, ಹದಿಮೂರನೇ ಶತಮಾನದಲ್ಲಿ ನಿಡುಗಲ್ ಚೋಳರ ರಾಜಧಾನಿ. ಶಿರಾ ಮೊದಲು ಬಿಜಾಪುರದವರ ಕೈಯಲ್ಲಿತ್ತು, 1687ರಿಂದ ಮೊಗಲರ ಸುಬಾ. ಉಳಿದದ್ದನ್ನು ಗ್ಯಾಸೆಟಿಯರಿನಲ್ಲಿ ಓದಿಕೊಳ್ಳಿ.

ಒಂದು ದಿನಕ್ಕೆ ಒಂದೇ ಊರು

ನಾಲ್ಕು ತಾಲ್ಲೂಕನ್ನು ಎರಡು ದಿನದಲ್ಲಿ ಮುಗಿಸುವ ಪಟ್ಟಿ ಹಿಡಿದು ಬರಬೇಡಿ. ಕೊರಟಗೆರೆಯಲ್ಲಿ ಚನ್ನರಾಯನದುರ್ಗ, ಮಧುಗಿರಿಯಲ್ಲಿ ಮಿಡಿಗೇಶಿ, ಪಾವಗಡದಲ್ಲಿ ನಿಡಗಲ್ಲು, ಶಿರಾದಲ್ಲಿ ಕಗ್ಗಲಡು. ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಿ. ಹೊರಡುವ ಹಿಂದಿನ ರಾತ್ರಿ ಒಂದು ಗಂಟೆ ಓದಿಗೆ ಕೊಡಿ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡನೇ ಸಂಪುಟ, 1904ರಲ್ಲಿ ಬಂದದ್ದು, ಪೂರ್ತಿ ತುಮಕೂರು ಜಿಲ್ಲೆಯದು. ಶಾಸನಗಳನ್ನು ತಾಲ್ಲೂಕುವಾರು ನಂಬರು ಹಾಕಿ ಕೊಟ್ಟಿದ್ದಾರೆ. ಆ ಕಾಲಕ್ಕೆ ಕೊರಟಗೆರೆಗೆ ಬೇರೆ ವಿಭಾಗ ಇರಲಿಲ್ಲ, ಅದರ ಊರುಗಳನ್ನು ಮದ್ದಗಿರಿಯ ಕೆಳಗೆ ಹುಡುಕಬೇಕು. ನೀವು ಹೋಗುವ ಊರಿನ ನಂಬರುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಜೇಬಿಗಿಡಿ. ಕಲ್ಲು ಗುಡಿಯ ಮುಂದಿದೆಯೋ, ಕೆರೆ ಏರಿಯ ಮೇಲಿದೆಯೋ, ಯಾರದೋ ಹೊಲದಲ್ಲಿದೆಯೋ ಎಂಬುದನ್ನೂ ಅಲ್ಲೇ ಹೇಳಿರುತ್ತಾರೆ. ನೂರಿಪ್ಪತ್ತು ವರ್ಷದಲ್ಲಿ ಹೊಲದ ಯಜಮಾನ ಬದಲಾಗಿರಬಹುದು, ಕಲ್ಲು ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಎಲ್ಲರೂ ಎಡವುವ ಜಾಗ

ಈಗ ಮುಖ್ಯ ವಿಷಯ. ಊರಿಗೆ ಹೋದವರು ಮೊದಲು ಕಲ್ಲನ್ನು ಹುಡುಕುತ್ತಾರೆ. ಮೊದಲು ಹುಡುಕಬೇಕಾದ್ದು ಜನರನ್ನು.

ಯಾಕೆಂದರೆ ನಮ್ಮ ಕಡೆಯ ಹಳೆಯ ಊರುಗಳಿಗೆ ನಿಧಿಗಳ್ಳರ ಕಾಟ. ಅಮಾವಾಸ್ಯೆಯ ಆಸುಪಾಸು ರಾತ್ರಿ ಬಂದು ಗುಡಿಯ ಪೀಠ ಅಗೆಯುತ್ತಾರೆ, ಹೊಟ್ಟೆಯೊಳಗೆ ಚಿನ್ನವಿದೆ ಎಂದು ಬಸವಣ್ಣನ ವಿಗ್ರಹ ಒಡೆಯುತ್ತಾರೆ, ಶಾಸನದ ಕಲ್ಲನ್ನು ನಿಧಿಯ ನಕ್ಷೆ ಎಂದುಕೊಂಡು ಬುಡಮೇಲು ಮಾಡುತ್ತಾರೆ. ಇವರು ಬರುವ ಮೊದಲು ಹಗಲಲ್ಲಿ ಒಬ್ಬ ಬಂದು ನೋಡಿಕೊಂಡು ಹೋಗಿರುತ್ತಾನೆ. ಅವನೂ ‘ಇಲ್ಲಿ ಹಳೇ ಕಲ್ಲು ಎಲ್ಲಿದೆ?’ ಎಂದೇ ಕೇಳಿರುತ್ತಾನೆ. ಪ್ಯಾಂಟು ತೊಟ್ಟು, ಬೆನ್ನಿಗೆ ಚೀಲ ಹಾಕಿ ನೀವು ಅದೇ ಮಾತು ಕೇಳಿದರೆ ಊರವರು ನಿಮ್ಮನ್ನು ಏನೆಂದು ತಿಳಿಯಬೇಕು?

ನನಗೆ ಆದದ್ದನ್ನೇ ಹೇಳುತ್ತೇನೆ. ಹದಿನೈದು ವರ್ಷದ ಹಿಂದೆ ಗೆಳೆಯನೊಬ್ಬನ ಜೊತೆ ಪಾವಗಡ ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ಯಾರನ್ನೂ ಮಾತಾಡಿಸದೆ ನೇರ ಊರ ಹೊರಗಿನ ಪಾಳುಗುಡಿಗೆ ಹೋಗಿ, ಟಾರ್ಚು ಹಿಡಿದು, ಟೇಪಿನಲ್ಲಿ ಕಲ್ಲಿನ ಉದ್ದಗಲ ಅಳೆಯುತ್ತಿದ್ದೆವು. ಹತ್ತು ನಿಮಿಷದಲ್ಲಿ ಇಪ್ಪತ್ತು ಜನ ಸೇರಿದರು. ಚೀಲ ತೆಗೆಸಿದರು. ಒಳಗೆ ನಕ್ಷೆ, ತಂತಿ ಬ್ರಷ್ಷು, ಸೀಮೆಸುಣ್ಣ. ಇವೆಲ್ಲಕ್ಕಿಂತ ಕೆಟ್ಟದ್ದಾಗಿ, ಪಾನಕಕ್ಕೆಂದು ತಂದ ನಾಲ್ಕು ನಿಂಬೆಹಣ್ಣು. ಅಂದು ಅಮಾವಾಸ್ಯೆ ಎನ್ನುವುದು ನಮಗೆ ಹೊಳೆದೇ ಇರಲಿಲ್ಲ. ನಿಂಬೆಹಣ್ಣು ತಿನ್ನೋಕೆ ಎಂದು ಎಷ್ಟು ಹೇಳಿದರೂ ಯಾರು ನಂಬುತ್ತಾರೆ? ಕೊನೆಗೆ ಊರಿನ ಶಾಲೆಯ ಮೇಷ್ಟ್ರು ಬಂದು ಬಿಡಿಸಬೇಕಾಯಿತು. ತಪ್ಪು ಅವರದಲ್ಲ, ನಮ್ಮದೇ. ತಮಾಷೆಯೆಂದರೆ ಸಮಾಧಾನವಾದ ಮೇಲೆ ಅದೇ ಜನ ನಮ್ಮನ್ನು ಕರೆದೊಯ್ದು, ಒಬ್ಬರ ಕೊಟ್ಟಿಗೆ ಗೋಡೆಗೆ ಸೇರಿಹೋಗಿದ್ದ ವೀರಗಲ್ಲು ತೋರಿಸಿದರು. ಅದು ನಮ್ಮ ಚೀಟಿಯಲ್ಲಿ ಇರಲಿಲ್ಲ.

ಆದ್ದರಿಂದ ಕ್ರಮ ಹೀಗಿರಲಿ. ಗಾಡಿಯನ್ನು ಊರ ಹೊರಗೇ, ಶಾಲೆ ಅಥವಾ ಪಂಚಾಯ್ತಿ ಕಟ್ಟಡದ ಹತ್ತಿರ ಬಿಡಿ. ನಡೆದು ಅರಳಿಕಟ್ಟೆಗೆ ಬನ್ನಿ. ಇಲ್ಲದಿದ್ದರೆ ಹಾಲಿನ ಡೇರಿ, ಟೀ ಅಂಗಡಿ. ಕೂತುಕೊಳ್ಳಿ, ಟೀ ಕುಡಿಯಿರಿ. ‘ಯಾವೂರು ಸ್ವಾಮಿ? ಏನ್ ಬಂದಿದ್ದು?’ ಎಂದು ಅವರೇ ಕೇಳುತ್ತಾರೆ. ಆಗ ಹೆಸರು, ಊರು, ಕೆಲಸ, ಎಷ್ಟು ಜನ, ಎಷ್ಟು ಹೊತ್ತಿಗೆ ಹಿಂತಿರುಗುತ್ತೀರಿ, ಎಲ್ಲ ಹೇಳಿ. ಜಾತಿ ಗೊತ್ತಿಲ್ಲದೆ ಕಂಡವರನ್ನೆಲ್ಲ ‘ಗೌಡ್ರೇ’ ಅನ್ನಬೇಡಿ, ‘ಯಜಮಾನ್ರೇ’ ಅಂದರೆ ಯಾರಿಗೂ ಬೇಸರವಿಲ್ಲ. ಹೆಂಗಸರಿಗೆ ‘ಅಕ್ಕ’, ವಯಸ್ಸಾದವರಿಗೆ ‘ಅಜ್ಜಿ’. ಪಾವಗಡದಲ್ಲಿ ಅರ್ಧ ಮಾತು ತೆಲುಗಿನಲ್ಲೇ ಬರುತ್ತದೆ. ‘ಮೀದಿ ಏ ಊರು?’ ಅಂದರೆ ಗಾಬರಿಯಾಗಬೇಡಿ, ಕನ್ನಡದಲ್ಲೇ ಉತ್ತರಿಸಿ, ಎಲ್ಲರಿಗೂ ಕನ್ನಡ ಬರುತ್ತದೆ.

ಕೇಳುವ ಪ್ರಶ್ನೆಯನ್ನೂ ಬದಲಿಸಿ. ‘ಹಳೇ ಕಲ್ಲು ಎಲ್ಲಿದೆ?’ ಬೇಡ. ‘ಊರ ದೇವರು ಯಾವುದು? ಜಾತ್ರೆ ಯಾವಾಗ? ಊರಬಾಗಿಲು ಎಲ್ಲಿತ್ತು?’ ಎಂದು ಕೇಳಿ. ದೇವರಿಂದ ಶುರುವಾದ ಮಾತು ಕಲ್ಲಿಗೆ ತಾನಾಗಿ ಬರುತ್ತದೆ. ಮಿಡಿಗೇಶಿಯಲ್ಲಿ ಹೀಗೆ ಕೂತರೆ ಹಿಮ್ಮಡಿಯವರೆಗೆ ಕೂದಲಿದ್ದ ಹೆಣ್ಣುಮಗಳ ಕಥೆ ಬಂದೇ ಬರುತ್ತದೆ, ಊರಿನ ಹೆಸರು ಅವಳದೇ ಅನ್ನುತ್ತಾರೆ. ಅದು ಇತಿಹಾಸವೇ ಎಂದು ವಾದಕ್ಕೆ ಇಳಿಯಬೇಡಿ.

ಇಂಗ್ಲೆಂಡಿನಲ್ಲಿರುವ ನಂಟರೊಬ್ಬರು ಲೇಕಾಕ್ ಎಂಬ ಹಳ್ಳಿಯ ಫೋಟೊ ತೋರಿಸಿದ್ದರು. 1944ರಿಂದ ಆ ಹಳ್ಳಿಯ ಬಹುಪಾಲು ನ್ಯಾಷನಲ್ ಟ್ರಸ್ಟಿನದು. ಹಳೆಯ ಮನೆಗಳಲ್ಲಿ ಜನ ಬಾಡಿಗೆಗಿದ್ದಾರೆ, ಪ್ರವಾಸಿಗರಿಗೆ ಗಾಡಿ ನಿಲ್ಲಿಸಲು ಬೇರೆ ಜಾಗ, ಬೋರ್ಡು, ನಕ್ಷೆ ಎಲ್ಲ ಇದೆ. ನಮ್ಮಲ್ಲಿ ಬೋರ್ಡಿನ ಕೆಲಸವನ್ನು ಕಟ್ಟೆಯ ಮೇಲಿನ ಮುದುಕರೇ ಮಾಡಬೇಕು. ನನ್ನ ಕೇಳಿದರೆ ಇದೇ ಚೆಂದ, ಬೋರ್ಡು ತಿರುಗಿ ಪ್ರಶ್ನೆ ಕೇಳುವುದಿಲ್ಲ.

ಕಲ್ಲಿನ ಮುಂದೆ

ಅಕ್ಷರ ಕಾಣುತ್ತಿಲ್ಲವೆಂದು ಶಾಸನಕ್ಕೆ ಸೀಮೆಸುಣ್ಣ, ಗೋಧಿಹಿಟ್ಟು, ವಿಭೂತಿ ಬಳಿಯುವುದು ಮಹಾಪರಾಧ. ತಂತಿ ಬ್ರಷ್ಷನ್ನು ನಾನೂ ಅಂದೇ ಬಿಟ್ಟೆ. ಪಾಚಿಯ ಜೊತೆ ಅಕ್ಷರದ ಅಂಚೂ ಉದುರುತ್ತದೆ. ಬೆಳಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ಮೇಲೆ ಬಿಸಿಲು ಓರೆಯಾಗಿ ಬೀಳುವಾಗ ನೋಡಿದರೆ ಅಕ್ಷರದ ಹಳ್ಳದಲ್ಲಿ ನೆರಳು ನಿಂತು ತಾನೇ ಓದಿಸಿಕೊಳ್ಳುತ್ತದೆ. ನಡುಹಗಲಾದರೆ ಒಂದು ಕನ್ನಡಿ ಹಿಡಿದು ಬಿಸಿಲನ್ನು ಪಕ್ಕದಿಂದ ಕಲ್ಲಿನ ಮೇಲೆ ಹಾಯಿಸಿ. ಮಕ್ಕಳಿಗಂತೂ ಇದು ಬಲು ಇಷ್ಟ. ಕುಂಕುಮ ಹಚ್ಚಿ ಪೂಜೆ ಮಾಡುವ ಕಲ್ಲಾದರೆ ಚಪ್ಪಲಿ ಬಿಟ್ಟು, ಕೇಳಿ, ಆಮೇಲೆ ಫೋಟೊ. ಮನೆಯ ಅಂಗಳದಲ್ಲಿರುವ ಕಲ್ಲಿಗೂ ಇದೇ ಮಾತು.

ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಕೇಂದ್ರದ 1958ರ ಕಾಯ್ದೆಯ ಪ್ರಕಾರ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಹೆಸರು ಕೆತ್ತುವ ಪ್ರೇಮಿಗಳಿಗೂ ಅದು ಅನ್ವಯಿಸುತ್ತದೆ.

ಬೆಟ್ಟ ಮತ್ತು ನೀರು

ಮಾತು, ಟೀ ಮುಗಿಸಿಯೂ ಎಂಟೂವರೆಯೊಳಗೆ ಹತ್ತಲು ಶುರು ಮಾಡಬೇಕೆಂದರೆ ಊರಿಗೆ ಏಳಕ್ಕೇ ಬಂದಿರಬೇಕು. ಹನ್ನೊಂದರ ಮೇಲೆ ಬಂಡೆ ಕಾದ ಹೆಂಚಾಗುತ್ತದೆ. ಮಾರ್ಚಿನಿಂದ ಮೇ ತನಕ ಬೆಟ್ಟ ಹತ್ತಲು ಬರಲೇಬೇಡಿ. ತಲೆಗೆ ಎರಡು ಲೀಟರು ನೀರು. ದೊಣೆಯ ನೀರನ್ನು ನೋಡಿ, ಕುಡಿಯಬೇಡಿ. ಪಾವಗಡ ಸೀಮೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಊರಿನ ಶುದ್ಧ ನೀರಿನ ಘಟಕದಲ್ಲೇ ಬಾಟಲಿ ತುಂಬಿಸಿಕೊಳ್ಳಿ, ಚಿಲ್ಲರೆ ನಾಣ್ಯ ಜೇಬಿನಲ್ಲಿರಲಿ. ಕೋಟೆಯ ಗೋಡೆಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಬೀಡಿ, ಹೊಗೆ, ಕೂಗಾಟ, ಗಮ್ಮೆನ್ನುವ ಸೆಂಟು ಬೇಡ. ಕರಡಿ, ಚಿರತೆ ಎರಡೂ ಈ ಬೆಟ್ಟಗಳಲ್ಲಿವೆ, ಹೊತ್ತು ಮುಳುಗುವ ಮೊದಲು ಕೆಳಗಿರಬೇಕು. ಊರಿನ ಹುಡುಗನೊಬ್ಬನನ್ನು ದಾರಿ ತೋರಿಸಲು ಕರೆದುಕೊಳ್ಳಿ. ಅವನ ಒಂದು ದಿನದ ಕೂಲಿಯನ್ನು ಹೊರಡುವ ಮೊದಲೇ ಮಾತಾಡಿ, ಇಳಿದ ಮೇಲೆ ಚೌಕಾಸಿ ಮಾಡಬೇಡಿ.

ನಿಡಗಲ್ಲಿಗೆ

ನಾಲ್ಕರಲ್ಲಿ ಒಂದನ್ನೇ ನೋಡುವವರಿಗೆ ನಾನು ಹೇಳುವುದು ನಿಡಗಲ್ಲು. ನಿಡಿದಾದ ಕಲ್ಲು, ಅದೇ ನಿಡುಗಲ್ಲು. ದೂರದಿಂದ ಬೆಟ್ಟ ಕಂಡ ಕೂಡಲೇ ಹೆಸರಿನ ಅರ್ಥ ಗೊತ್ತಾಗುತ್ತದೆ. ಇರುಂಗೋಳನೆಂಬ ಹೆಸರಿನ ಅರಸರು ಹೊಯ್ಸಳರ ಪಕ್ಕದಲ್ಲೇ ತಲೆಯೆತ್ತಿ ನಿಂತಿದ್ದು ಇಲ್ಲಿಂದ. 1232ರ ಶಾಸನವೊಂದು ಗಂಗೆಯನ ಮಾರೆಯನೆಂಬವನು ಈ ಬೆಟ್ಟದಲ್ಲಿ ಪಾರ್ಶ್ವನಾಥ ಬಸದಿ ಕಟ್ಟಿಸಿದ್ದನ್ನು ಹೇಳುತ್ತದೆ. ಅದರಲ್ಲಿ ಬೆಟ್ಟದ ಹೆಸರು ಕಾಳಾಂಜನ. ಶೈವರು, ಜೈನರು, ಆಮೇಲೆ ಬಂದ ನಾಯಕರು ಎಲ್ಲರ ಗುರುತೂ ಒಂದೇ ಊರಲ್ಲಿ. ಮೇಲಿನ ಕೋಟೆಗೆ ಒಂದು ಗಂಟೆ ಕೊಟ್ಟರೆ ಕೆಳಗಿನ ಊರಿಗೆ ಮೂರು ಗಂಟೆ ಕೊಡಿ.

ದಾರಿ ಗೊತ್ತಿರಲಿ. ಮಧುಗಿರಿಯಿಂದ ಮಿಡಿಗೇಶಿ ಮೇಲೆ ಪಾವಗಡಕ್ಕೆ ಹೋಗುವಾಗ ನಡುವೆ ಆಂಧ್ರ ಬಂದು ಹೋಗುತ್ತದೆ. ಬಾಡಿಗೆ ಗಾಡಿಯಾದರೆ ಪರ್ಮಿಟ್ಟಿನ ಬಗ್ಗೆ ಚಾಲಕನನ್ನು ಮೊದಲೇ ಕೇಳಿ. ಶನಿವಾರ ಪಾವಗಡದಲ್ಲಿ ಶನಿಮಹಾತ್ಮನ ಗುಡಿಗೆ ಜನಜಾತ್ರೆ, ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಬೇರೆ ದಿನ ನೋಡಿಕೊಳ್ಳಿ. ಪಾವಗಡದಿಂದ ಪಶ್ಚಿಮಕ್ಕೆ ಹೋಗುವ ಹಳ್ಳಿ ಬಸ್ಸು ಹತ್ತಿದ ಕೂಡಲೇ ಕಂಡಕ್ಟರನ್ನು ಕೇಳಬೇಕಾದ್ದು ಒಂದೇ, ‘ವಾಪಸ್ಸು ಕೊನೇ ಬಸ್ಸು ಎಷ್ಟೊತ್ತಿಗೆ?’ ಮೊಬೈಲಿನ ನಕ್ಷೆಗೆ ಅದು ಗೊತ್ತಿರುವುದಿಲ್ಲ.

ಶಿರಾ ಕಡೆಯವರಿಗೆ

ಜಾಗ ಮುಗಿಯುತ್ತಿದೆ, ಬೇಗ ಹೇಳಿಬಿಡುತ್ತೇನೆ. ಶಿರಾ ಪಟ್ಟಣದಲ್ಲಿ ಮಲಿಕ್ ರಿಹಾನ್ ಸಮಾಧಿ, 1696ರ ಜಾಮಿಯಾ ಮಸೀದಿ ಎರಡನ್ನೂ ಬೆಳಗಿನ ಒಂದು ಗಂಟೆಯಲ್ಲಿ ನೋಡಿ ಕಗ್ಗಲಡಿಗೆ ಹೋಗಿ. ಊರ ನಡುವಿನ ಹುಣಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ, ಫೆಬ್ರವರಿ-ಮಾರ್ಚಿನಲ್ಲಿ ಹೋದರೆ ಮರಿಗಳೂ ಸಿಗುತ್ತವೆ. ಈ ಹಕ್ಕಿಗಳಿಗಾಗಿ ಊರವರು ಪಟಾಕಿಯನ್ನೇ ಬಿಟ್ಟವರು, ನೀವು ಹಾರನ್ ಬಿಡಿ. ಮರದ ಕೆಳಗೆ ನಿಲ್ಲದಿದ್ದರೆ ಅಂಗಿ ಉಳಿಯುತ್ತದೆ.

ಇನ್ನೊಂದು ದಿನವಿದ್ದರೆ ಗಡಿ ದಾಟಿ ಅಮರಾಪುರದ ಹತ್ತಿರದ ಹೇಮಾವತಿಗೆ. ಶಾಸನಗಳ ಹೆಂಜೇರು ಅದೇ, ನೊಳಂಬರ ರಾಜಧಾನಿ. ಈಗ ಆಂಧ್ರದಲ್ಲಿದ್ದರೂ ಕಲ್ಲುಗಳು ಮಾತಾಡುವುದು ಕನ್ನಡ. ಸಿದ್ಧೇಶ್ವರನ ಗುಡಿಯಲ್ಲಿ ಲಿಂಗವಲ್ಲ, ಕೂತ ಶಿವನ ಮೂರ್ತಿ. ಪಕ್ಕದ ದೊಡ್ಡೇಶ್ವರನನ್ನು ಬಿಡಬೇಡಿ. ಊಟ ಸಿಗುವುದು ಖಾತ್ರಿಯಿಲ್ಲ, ಶಿರಾದಲ್ಲೇ ಚಿತ್ರಾನ್ನ ಕಟ್ಟಿಸಿಕೊಳ್ಳಿ. ನಿಂಬೆಹಣ್ಣಿನದಾದರೆ ಹಿಂಡಿ ಕಲಸಿದ್ದೇ ಇರಲಿ, ಇಡಿಯ ಹಣ್ಣು ಚೀಲದಲ್ಲಿ ಬೇಡ.