ಗುಂಯ್ ಎಂದ ಟೆಂಪೊ

ನಮ್ಮ ಸಂಘದ ಟೆಂಪೊ ರಿಪೇರಿಯಾಗಿ ಬಂತು. ಹಿಂದಿನ ಚಕ್ರಗಳ ನಡುವೆ ಕಬ್ಬಿಣದ ಬುರುಡೆಯೊಂದು ಇರುತ್ತದೆ, ನೋಡಿದ್ದೀರಾ? ಅದೇ ಡಿಫರೆನ್ಷಿಯಲ್. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು. ಒಳಗಿನದು ಕಡಿಮೆ. ಅದಕ್ಕೆ ಅನುವು ಮಾಡುವುದೇ ಈ ಬುರುಡೆ. ಅದರೊಳಗೆ ಹೊಸ ಹಲ್ಲುಚಕ್ರ ಹಾಕಿಸಿದ್ದೆವು.

ಸಂತೆಗೆ ಹೊರಟರೆ ಹಿಂದಿನಿಂದ ಗುಂಯ್ ಎಂಬ ಸದ್ದು!

"ಹೊಸದು ಕಣಮ್ಮ, ಓಡ್ತಾ ಓಡ್ತಾ ಸರಿಹೋಗ್ತದೆ" ಅಂದ ಮೇಸ್ತ್ರಿ.

ನಾವು ಒಪ್ಪಲಿಲ್ಲ. ಟೆಂಪೊ ಸಾಲವೇ ಇನ್ನೂ ತೀರಿರಲಿಲ್ಲ. ಬೀಸುವ ಕಲ್ಲು ಸರಿಯಾಗಿ ಕೂರದಿದ್ದರೆ ನಮಗೆ ಸದ್ದಿನಲ್ಲೇ ಗೊತ್ತಾಗುವುದಿಲ್ಲವೇ?

ಮೊದಲು ಗೇರ್ ಆಯಿಲ್ ನೋಡಿಸಿದೆವು. ಸಾಕಷ್ಟಿತ್ತು. ಆಮೇಲೆ ಕಿವಿಗೊಟ್ಟು ಕೂತೆವು. ತಿರುವಿನಲ್ಲಿ ಮಾತ್ರ ಕಟಕಟ ಎಂದರೆ ಒಳಗಿನ ಸಣ್ಣ ಗೇರುಗಳ ಮೇಲೆ ಅನುಮಾನ. ಆಕ್ಸಿಲರೇಟರ್ ಒತ್ತಿದರೂ ಬಿಟ್ಟರೂ ಒಂದೇ ಸಮ ಗುರುಗುಟ್ಟಿದರೆ ಬೇರಿಂಗ್ ನೋಡಬೇಕು. ನಮ್ಮದು ಒತ್ತಿದಾಗ ಜೋರು, ಬಿಟ್ಟಾಗ ಕಡಿಮೆ. ಕ್ರೌನ್ ಮತ್ತು ಪಿನಿಯನ್ ಎಂಬ ಜೋಡಿ ಗೇರುಗಳು ಸರಿಯಾಗಿ ಕೂತಿಲ್ಲ ಅನ್ನಿಸಿತು. ಹಾಗೇ ಓಡಿಸಿದರೆ ಹಲ್ಲು ಸವೆಯುತ್ತದೆ, ಮುರಿಯಲೂಬಹುದು.

ಮತ್ತೆ ಬಿಚ್ಚಿಸಿದೆವು. ಮೇಸ್ತ್ರಿ ಹಲ್ಲಿಗೆ ಬಣ್ಣ ಬಳಿದು ತಿರುಗಿಸಿದ. ಉಜ್ಜಿದ ಗುರುತು ಹಲ್ಲಿನ ನಡುವೆ ಬೀಳಬೇಕು. ನಮ್ಮದು ಅಂಚಿಗೆ ಬಿದ್ದಿತ್ತು. ತೆಳು ಬಿಲ್ಲೆ ಬದಲಿಸಿ ಮತ್ತೆ ಕೂರಿಸಿದ. ಸದ್ದು ಹೋಯಿತು.

ಎರಡನೇ ಸಲ ಕೂಲಿ ಕೇಳಿದ. ನಾವು ಕೊಡಲಿಲ್ಲ.