ತಂತಿ ಆಂಟೆನಾಕ್ಕೆ 9:1 ಟ್ರಾನ್ಸ್‌ಫಾರ್ಮರ್

ಮುಲುಂಡ್‌ನ ಓದುಗರೊಬ್ಬರು ಟೆರೇಸಿನ ಮೇಲೆ ಉದ್ದ ತಂತಿ ಕಟ್ಟಿದ್ದಾರೆ. 7 ಮೆಗಾಹರ್ಟ್ಸ್‌ನಲ್ಲಿ ಹ್ಯಾಮ್‌ಗಳ ಮಾತಿಗಿಂತ ಗೊರಗೊರ ಸದ್ದೇ ಹೆಚ್ಚು ಕೇಳುತ್ತದೆ ಎಂಬುದು ಅವರ ಅಳಲು.

ಇಂಥ ತಂತಿಯ ಇಂಪೀಡೆನ್ಸ್ ಬ್ಯಾಂಡಿನಿಂದ ಬ್ಯಾಂಡಿಗೆ ಬದಲಾಗುತ್ತದೆ. 450 ಓಮ್ ಎಂದು ಹಿಡಿಯುವುದು ಒಂದು ರಾಜಿ ಅಷ್ಟೇ. ಅದನ್ನು ರಿಸೀವರಿನ 50 ಓಮ್‌ಗೆ ಇಳಿಸಲು ಟ್ರಾನ್ಸ್‌ಫಾರ್ಮರಿನ ಸುತ್ತುಗಳು 3:1 ಇದ್ದರೆ ಸಾಕು, ಏಕೆಂದರೆ ಇಂಪೀಡೆನ್ಸ್ ಸುತ್ತುಗಳ ಅನುಪಾತದ ವರ್ಗದಂತೆ ಬದಲಾಗುತ್ತದೆ.

ಇದನ್ನು ಸುತ್ತಲು ಬೇಕಾದ ಎನಾಮಲ್ ತಂತಿ ಮುಂಬೈನ ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗುತ್ತದೆ. ಗುರುತಿಲ್ಲದ ಫೆರೈಟ್ ಮಾತ್ರ ಬೇಡ. 73ನೇ ಮಿಶ್ರಣದ, ಎರಡು ರಂಧ್ರಗಳ ಬಿಎನ್-73-202 ಕೋರ್ ಒಳ್ಳೆಯದು. ತಂತಿ ಒಂದು ರಂಧ್ರದಲ್ಲಿ ಹೋಗಿ ಇನ್ನೊಂದರಲ್ಲಿ ಮರಳಿದರೆ ಒಂದು ಸುತ್ತು. ಆಂಟೆನಾ ಕಡೆ 6, ಕೇಬಲ್ ಕಡೆ 2. ಎರಡೂ ಸುರುಳಿಗಳು ಪ್ರತ್ಯೇಕವಾಗಿರಲಿ, ಆಂಟೆನಾ ಕಡೆಗೆ ಬೇರೆಯೇ ಅರ್ತ್ ಇರಲಿ. ಲಿಫ್ಟ್, ಎಲ್‌ಇಡಿ, ಚಾರ್ಜರುಗಳ ಗದ್ದಲ ಕೇಬಲಿನ ಹೊರಕವಚದ ಮೇಲೆ ಹರಿದು ಬರುವುದು ಆಗ ತಗ್ಗುತ್ತದೆ.

ಪರೀಕ್ಷೆ ಸುಲಭ. 6 ಸುತ್ತಿನ ತುದಿಗಳಿಗೆ 470 ಓಮ್ ರೆಸಿಸ್ಟರ್ ಬೆಸೆದು, ಇನ್ನೊಂದು ಕಡೆ ನ್ಯಾನೊವಿಎನ್ಎ ಎಂಬ ಅಳತೆಯ ಉಪಕರಣ ಜೋಡಿಸಬೇಕು. ಸುಮಾರು 52 ಓಮ್ ತೋರಿಸಬೇಕು. ತೀರಾ ಬೇರೆ ಬಂದರೆ ಸುತ್ತುಗಳನ್ನು ಮತ್ತೆ ಎಣಿಸಿ, ಎನಾಮಲ್ ಪೂರ್ತಿ ಕೆರೆದಿದೆಯೇ ನೋಡಬೇಕು. ನಷ್ಟ ಅಳೆಯಲು ಒಂದೇ ಬಗೆಯ ಎರಡು ಟ್ರಾನ್ಸ್‌ಫಾರ್ಮರ್‌ಗಳನ್ನು ಬೆನ್ನಿಗೆ ಬೆನ್ನು ಜೋಡಿಸಿ, ಬಂದ ಡೆಸಿಬೆಲ್‌ನಲ್ಲಿ ಅರ್ಧ ತೆಗೆದುಕೊಳ್ಳಬೇಕು.

ಮುಂಬೈ ಮಳೆಗೆ ಮುನ್ನ ಟ್ರಾನ್ಸ್‌ಫಾರ್ಮರನ್ನು ಡಬ್ಬಿಯಲ್ಲಿಟ್ಟು ಸೀಲ್ ಹಾಕಲಿ. ಈ ಪುಟ್ಟ ಕೋರ್ ಕೇಳುವುದಕ್ಕೆ ಮಾತ್ರ. ಇದರ ಮೂಲಕ ಟ್ರಾನ್ಸ್‌ಮಿಟ್ ಮಾಡಬಾರದು.