ಗೆಣಸು: ಬೇಯಿಸುವ ಮುನ್ನ ಆರಿಸಿರಿ

ಒಳ್ಳೆಯ ಗೆಣಸನ್ನು ಸಂತೆಗೆ ಕಳಿಸಿ, ಹುಳು ಕೊರೆದದ್ದನ್ನು ಮನೆಗೆ ಉಳಿಸಿಕೊಳ್ಳುವ ರೂಢಿಯನ್ನು ಮೊದಲು ಬಿಡಿರಿ. ಮೂತಿಹುಳು ಕೊರೆದ ಗಡ್ಡೆಯಲ್ಲಿ ಕಹಿಯಾದ ವಿಷವಸ್ತು ಉಂಟಾಗುತ್ತದೆ. ಬೇಯಿಸಿದರೂ ಅದು ಪೂರ್ತಿ ಹೋಗದು. ಬೂಷ್ಟು ಹಿಡಿದ ಗೆಣಸು ತಿಂದ ದನಗಳು ಉಸಿರಾಡಲಾಗದೆ ಸಾಯುವುದೂ ಉಂಟು. ಆದ್ದರಿಂದ ಅಂಥವನ್ನು ಕೊಟ್ಟಿಗೆಗೂ ಹಾಕದೆ ಆಳವಾಗಿ ಹೂಳಿರಿ.

ಆರೋಗ್ಯವಾದ ಗಡ್ಡೆಯನ್ನು ತೊಳೆದು, ಸಿಪ್ಪೆಸಹಿತ ಹಬೆಯಲ್ಲಿ ಬೇಯಿಸಿರಿ. ಉರಿ ಸಣ್ಣಗಿದ್ದರೆ ಪಿಷ್ಟವು ಸಕ್ಕರೆಯಾಗಲು ಸಮಯ ಸಿಕ್ಕುತ್ತದೆ. ಹೋಳಿಗೆಯ ಹೂರಣಕ್ಕೆ ಬೆಲ್ಲ ಕಡಿಮೆ ಸಾಕು. ಕಿತ್ತಳೆ ತಿರುಳಿನ ಗೆಣಸಾದರೆ ಇನ್ನೂ ಲೇಸು. ಅದರಲ್ಲಿ ‘ಎ’ ಜೀವಸತ್ವವಾಗಿ ಮಾರ್ಪಡುವ ಕ್ಯಾರೋಟಿನ್ ಹೇರಳ. ಅದು ಮೈಗೆ ಹತ್ತಲು ತುಸು ಜಿಡ್ಡು ಬೇಕು. ಪಲ್ಯದ ಒಗ್ಗರಣೆಯ ಎಣ್ಣೆ ವ್ಯರ್ಥವಲ್ಲ. ಬೆಂದ ಗೆಣಸನ್ನು ಹಿಸುಕಿ, ರಾಗಿಹಿಟ್ಟಿನೊಡನೆ ನಾದಿ ರೊಟ್ಟಿ ತಟ್ಟಬಹುದು. ಬಳ್ಳಿಯ ಎಳೆಯ ಚಿಗುರು ಬಸ್ಸಾರಿಗೂ ಆಗುತ್ತದೆ.